ಬೆರಳ ತುದಿಯ ಅಂಕಿ, ಕಾಲುವೆ ತುದಿಯ ನೀರು

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಹೊಸಬರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ, ನರ್ಸ್. ಬೆಂಗಳೂರಿನ ಒಂದು ಹೃದಯದ ಆಸ್ಪತ್ರೆಯಲ್ಲಿ, ಆಪರೇಷನ್ ಆಗಿ ಬಂದವರನ್ನು ನೋಡಿಕೊಳ್ಳುವ ಐಸಿಯುನಲ್ಲಿ 24 ವರ್ಷ ದುಡಿದು, ಈಗ ರಾಯಚೂರಿಗೆ ಬಂದು ಕೂತಿದ್ದೇನೆ. ಹೋದ ತಿಂಗಳು ಬೈಪಾಸ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೇಳಿದ್ದು ಒಂದೇ: ರಕ್ತದಲ್ಲಿ ಆಕ್ಸಿಜನ್ ಎಷ್ಟಿದ್ದರೆ ಆಪರೇಷನ್ ಆದ ಮನುಷ್ಯ ಉಳಿಯುತ್ತಾನೆ? ಕೊರೊನಾ ಹೋದರೂ ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಮಷಿನ್ (ಪಲ್ಸ್ ಆಕ್ಸಿಮೀಟರ್) ಮನೆ ಮನೆ ಕಪಾಟಿನಲ್ಲಿ ಉಳಿದುಕೊಂಡಿದೆ ನೋಡಿ, ಅದರ ಕರಾಮತ್ತು ಇದು. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಅಕ್ಕಾರೇ, ನಮ್ಮಪ್ಪನಿಗೆ 63 ವರ್ಷ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಬೈಪಾಸ್. ದಿನಾ ಎರಡು ಹೊತ್ತು ಬೆರಳಿಗೆ ಮಷಿನ್ ಹಾಕಿ ಬರೆದಿಡ್ತೀನಿ. 97, 98 ಬರುತ್ತೆ. ರಕ್ತದ ಆಕ್ಸಿಜನ್ ನೋಡಿದರೆ ಹೃದಯದ ಆಪರೇಷನ್ ಆದವರು ಉಳಿಯುತ್ತಾರೋ ಇಲ್ಲವೋ ಮೊದಲೇ ಗೊತ್ತಾಗುತ್ತೆ ಅಂತ ನನ್ನ ತಮ್ಮ ಎಲ್ಲೋ ಓದಿದನಂತೆ. ಹಾಗಾದ್ರೆ 97 ಇದ್ದರೆ ಭಯ ಇಲ್ಲ ಅಲ್ವಾ? ಮೊನ್ನೆ ಮುಂಜಾನೆ ಒಂದು ಸಲ 93 ತೋರಿಸಿತು. ಅವತ್ತು ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.
— ಒಬ್ಬ ಮಗಳು, ಮಾನ್ವಿ

ಮೊದಲು ಆ 93ರ ವಿಷಯ ಮುಗಿಸೋಣ. ಅಪ್ಪ ಮುಂಜಾನೆ ಎದ್ದು ತಣ್ಣೀರಲ್ಲಿ ಕೈ ಮುಖ ತೊಳೆದು ಬಂದು ಕೂತಿದ್ದರಾ? ಬಹಳ ಸಲ ಆಗುವುದು ಅದೇ. ಮಷಿನ್ ಬೆರಳಿನೊಳಗೆ ಎರಡು ಬೆಳಕು ಬಿಡುತ್ತದೆ. ಒಂದು ಕೆಂಪು, ಇನ್ನೊಂದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಆ ಬೆಳಕನ್ನು ಹೀರುವುದು ಒಂದು ರೀತಿ, ಆಕ್ಸಿಜನ್ ಇಲ್ಲದ್ದು ಹೀರುವುದು ಇನ್ನೊಂದು ರೀತಿ. ಆ ವ್ಯತ್ಯಾಸವನ್ನು ನಾಡಿ ಬಡಿತದ ಜೊತೆ ಲೆಕ್ಕ ಹಾಕಿ ನೂರಕ್ಕೆ ಇಷ್ಟು ಅಂತ ಹೇಳುತ್ತದೆ. ಜಪಾನಿನ ತಕುವೊ ಅಓಯಾಗಿ ಎಂಬ ಎಂಜಿನಿಯರ್ 1974ರಲ್ಲಿ ಇದನ್ನು ಕಂಡುಹಿಡಿದರು. ಬೆರಳು ತಣ್ಣಗಿದ್ದರೆ ಅಲ್ಲಿ ನಾಡಿಯೇ ಸರಿಯಾಗಿ ಸಿಗುವುದಿಲ್ಲ. ನಾಡಿ ಸಿಗದಿದ್ದರೆ ಮಷಿನ್ ಬಾಯಿಗೆ ಬಂದದ್ದು ಹೇಳುತ್ತದೆ. ಹೆಣ್ಣುಮಕ್ಕಳಿಗೆ ಉಗುರು ಬಣ್ಣ, ಕಡುಗಪ್ಪಾಗಿ ಹತ್ತಿದ ಗೋರಂಟಿಯೂ ಇದೇ ಕೆಲಸ ಮಾಡುತ್ತವೆ. ಐದು ನಿಮಿಷ ಸುಮ್ನೆ ಕೂರಿಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ನಡುಬೆರಳಿಗೆ ಹಾಕಿ, ಅಂಕಿ ಒಂದು ಕಡೆ ನಿಲ್ಲುವ ತನಕ ಕಾಯಿರಿ. ಮೊದಲು ಬಂದ ಅಂಕಿಯನ್ನು ಬರೆಯಬೇಡಿ.

ಇನ್ನೊಂದು ಮಾತು. ಕಪ್ಪು ಚರ್ಮದವರಲ್ಲಿ ಈ ಮಷಿನ್ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಂಭವ ಇದೆ ಅಂತ 2020ರಲ್ಲಿ ಅಮೆರಿಕದ ವೈದ್ಯರು ರೋಗಿಗಳ ಲೆಕ್ಕ ಇಟ್ಟುಕೊಂಡು ತೋರಿಸಿದರು. ನಮ್ಮ ಬಿಸಿಲಲ್ಲಿ ದುಡಿದವರ ಬಣ್ಣ ಗೊತ್ತಲ್ಲ. ಅದಕ್ಕೇ ಅಂಕಿ ಚೆನ್ನಾಗಿದ್ದೂ ಮನುಷ್ಯ ಏದುಸಿರು ಬಿಡುತ್ತಿದ್ದರೆ, ಮನುಷ್ಯನನ್ನು ನಂಬಿ.

ಈಗ ದೊಡ್ಡ ಪ್ರಶ್ನೆ. ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ. ಆದರೆ ಅವನು ಓದಿದ ಆಕ್ಸಿಜನ್ ಬೇರೆ, ನೀವು ಬೆರಳಲ್ಲಿ ನೋಡುವ ಆಕ್ಸಿಜನ್ ಬೇರೆ. ಮಾನ್ವಿಯವರಿಗೆ ಇದನ್ನು ಅರ್ಥ ಮಾಡಿಸುವುದು ಬಲು ಸುಲಭ. ನೀವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದವರು.

ಮುನಿರಾಬಾದ್ ಹತ್ತಿರ ಡ್ಯಾಂ ತುಂಬಿದೆ ಅಂತ ಪೇಪರಲ್ಲಿ ಫೋಟೊ ಬರುತ್ತದೆ. ನಿಮ್ಮ ಊರಿನ ಹೊಲಕ್ಕೆ ನೀರು ಬಂತಾ? ಡ್ಯಾಂ ತುಂಬುವುದು ಒಂದು, ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಇನ್ನೊಂದು. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಿಮ್ಮ ತೂಬಿನ ತನಕ ಉಳಿದು ಬಂದದ್ದೆಷ್ಟು ಅನ್ನುವುದು ಮೂರನೆಯದು. ಕಾಲುವೆಯ ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ಇಳಿಯಿತು ಅಂತ ರೈತರು ರಸ್ತೆಗೆ ಇಳಿಯುವುದು ಈ ಮೂರನೆಯದಕ್ಕೆ. ಡ್ಯಾಂನ ಫೋಟೊ ತೋರಿಸಿದರೆ ಅವರು ಒಪ್ಪುತ್ತಾರಾ?

ಬೆರಳಿನ ಅಂಕಿ ಡ್ಯಾಂನ ಫೋಟೊ ಇದ್ದಂತೆ. ಪುಪ್ಪುಸ ರಕ್ತಕ್ಕೆ ಆಕ್ಸಿಜನ್ ತುಂಬಿದೆ ಅಂತ ಅಷ್ಟೇ ಹೇಳುತ್ತದೆ. ಆ ರಕ್ತವನ್ನು ಹೃದಯ ನಿಮಿಷಕ್ಕೆ ಎಷ್ಟು ಲೀಟರ್ ತಳ್ಳುತ್ತಿದೆ, ಅದು ಅದಕ್ಕೆ ಗೊತ್ತಿಲ್ಲ. ಮೂತ್ರಪಿಂಡ, ಮೆದುಳು, ಕರುಳು ಎಲ್ಲವೂ ಎಳೆದುಕೊಂಡ ಮೇಲೆ ಏನು ಉಳಿಯಿತು, ಅದೂ ಗೊತ್ತಿಲ್ಲ.

ಲೆಕ್ಕ ನೋಡಿ. ಆರೋಗ್ಯವಂತ ಹೃದಯ ಆರಾಮಾಗಿ ಮಲಗಿದಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ 1,000 ಮಿಲಿ ಆಕ್ಸಿಜನ್ ಇರುತ್ತದೆ. ಮೈ ಬಳಸುವುದು 250 ಮಿಲಿ. ಉಳಿದ ಮುಕ್ಕಾಲು ಭಾಗ ಹೃದಯಕ್ಕೆ ವಾಪಸ್. ಅಂದರೆ ವಾಪಸ್ ಬಂದ ರಕ್ತದ ಅಂಕಿ 70–75ರ ಆಸುಪಾಸು. ಹೃದಯ ಸೋತು 5 ಲೀಟರ್ ಇದ್ದದ್ದು 3 ಆಯಿತು ಅಂತಿಟ್ಟುಕೊಳ್ಳಿ. ಮೈಗೆ ಬೇಕಾದ್ದು ಅದೇ 250. ಎಲ್ಲ ಅಂಗಗಳೂ ಮೇಲಿನಿಂದಲೇ ಜಾಸ್ತಿ ಎಳೆದುಕೊಳ್ಳುತ್ತವೆ, ಕೊನೆಯಲ್ಲಿ ಉಳಿಯುವುದು 60ಕ್ಕಿಂತ ಕಡಿಮೆ. ಬೆರಳಲ್ಲಿ ಮಾತ್ರ ಆಗಲೂ 98!

ಈ ವಾಪಸ್ ಬರುವ ರಕ್ತದ ಅಂಕಿಯನ್ನು ಐಸಿಯುನಲ್ಲಿ ‘ಮಿಕ್ಸ್‌ಡ್ ವೀನಸ್’ ಅನ್ನುತ್ತೇವೆ. ಕುತ್ತಿಗೆಯ ರಕ್ತನಾಳದಿಂದ ಇಳಿಸಿದ ಹಳದಿ ಬಣ್ಣದ ತೆಳ್ಳನೆ ನಳಿಕೆಯೊಂದು ಹೃದಯದ ಬಲಭಾಗ ದಾಟಿ, ಪುಪ್ಪುಸಕ್ಕೆ ಹೋಗುವ ನಾಳದಲ್ಲಿ ಕೂತಿರುತ್ತದೆ. ಅದರ ತುದಿಯಲ್ಲಿ ಪುಟ್ಟ ಬಲೂನು. ಸ್ವಾನ್ ಮತ್ತು ಗ್ಯಾಂಜ್ ಎಂಬ ಇಬ್ಬರು ವೈದ್ಯರು 1970ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಎಲ್ಲರಿಗೂ ಇದನ್ನು ಹಾಕುವುದಿಲ್ಲ. ಕಷ್ಟದ ಕೇಸುಗಳಿಗೆ ಹಾಕುತ್ತಾರೆ. ಉಳಿದವರಿಗೆ ಕುತ್ತಿಗೆಯ ಮಾಮೂಲಿ ಲೈನಿನಿಂದ ತೆಗೆದ ರಕ್ತವೇ ಸುಮಾರಾಗಿ ದಾರಿ ತೋರಿಸುತ್ತದೆ.

ಆ ಹಳದಿ ನಳಿಕೆಯಿಂದ ರಕ್ತ ತೆಗೆಯುವುದೂ ಒಂದು ಕಲೆ. ಸೇರಿದ ಹೊಸತರಲ್ಲಿ ನಾನು ಅವಸರಕ್ಕೆ ಸಿರಿಂಜನ್ನು ಸರ್ರನೆ ಎಳೆದೆ. ಮಷಿನ್ 82 ಅಂತ ಹೇಳಿತು. ಖುಷಿಯಿಂದ ಚಾರ್ಟಿನಲ್ಲಿ ಬರೆದೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರಿದ್ದರು, ಮಂಗಳೂರು ಕಡೆಯವರು. ಚಾರ್ಟ್ ನೋಡಿ, ರೋಗಿಯ ಪಾದ ಮುಟ್ಟಿ ನೋಡಿ, “ಈ ಕಾಲಿಗೆ 82 ಬರಲ್ಲ, ಇನ್ನೊಂದು ಸಲ ತೆಗಿ. ಮೆಲ್ಲಗೆ” ಅಂದರು. ಮೆಲ್ಲಗೆ ಎಳೆದೆ. 61. ಜೋರಾಗಿ ಎಳೆದರೆ ಪುಪ್ಪುಸದ ಕಡೆಯ ಆಕ್ಸಿಜನ್ ತುಂಬಿದ ರಕ್ತವೂ ಹಿಂದಕ್ಕೆ ಬಂದು ಸೇರಿಕೊಳ್ಳುತ್ತದೆ, ಅಂಕಿ ಸುಳ್ಳಾಗುತ್ತದೆ. ಅವತ್ತಿನಿಂದ ನಿವೃತ್ತಿ ಆಗುವ ದಿನದವರೆಗೂ, ಡ್ಯೂಟಿಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಕಾಲು ಮುಟ್ಟುವುದು. ಮಾನಿಟರ್ ಆಮೇಲೆ.

ಒಂದು ರಾತ್ರಿ ಹೇಳುತ್ತೇನೆ. ನಮ್ಮ ಕೊಪ್ಪಳ ಕಡೆಯ ಒಬ್ಬ ಮಾಸ್ತರು. ಬೈಪಾಸ್ ಆಗಿ ಸಂಜೆ ಐಸಿಯುಗೆ ಬಂದಿದ್ದರು. ವೆಂಟಿಲೇಟರ್ ಮೇಲೆ ಇದ್ದರು. ರಾತ್ರಿ ಒಂದೂವರೆಗೆ ಪಾದ ಮುಟ್ಟಿದೆ. ಮೊಣಕಾಲಿನಿಂದ ಕೆಳಗೆ ತಣ್ಣಗೆ, ಚಳಿಗಾಲದ ಕಡಪ ಕಲ್ಲು ಮುಟ್ಟಿದ ಹಾಗೆ. ಮೂತ್ರದ ಚೀಲ ನೋಡಿದೆ, ಒಂದು ಗಂಟೆಗೆ 15 ಮಿಲಿ. 70 ಕಿಲೋ ಮನುಷ್ಯನಿಗೆ ಕನಿಷ್ಠ 35 ಆದರೂ ಬರಬೇಕು. ಎದೆಯಿಂದ ಬರುವ ಡ್ರೇನ್ ಪೈಪಿನಲ್ಲಿ ಹನ್ನೊಂದರ ತನಕ ಚೆನ್ನಾಗಿ ರಕ್ತ ಬರುತ್ತಿದ್ದದ್ದು ಪೂರ್ತಿ ನಿಂತಿತ್ತು. ಜೊತೆಗಿದ್ದ ಹುಡುಗಿ “ಬ್ಲೀಡಿಂಗ್ ನಿಂತಿದೆ ಅಕ್ಕ, ಒಳ್ಳೇದಲ್ವಾ?” ಅಂದಳು. ಬೆರಳು ತಣ್ಣಗಾಗಿ ಅಂಕಿ ಹಾರುತ್ತಿತ್ತು ಅಂತ ಪ್ರೋಬನ್ನು ಕಿವಿಗೆ ಹಾಕಿದ್ದೆವು. ಅಲ್ಲಿ 100. ಮಾನಿಟರ್ ಹಸಿರಾಗಿ ನಗುತ್ತಿತ್ತು.

ಹಳದಿ ನಳಿಕೆಯಿಂದ ಮೆಲ್ಲಗೆ ರಕ್ತ ತೆಗೆದೆ. ನೇರಳೆ ಹಣ್ಣು ಹಿಂಡಿದ ಹಾಗೆ ಕಪ್ಪು. ಸಂಜೆ 66 ಇದ್ದದ್ದು 49. ಸರ್ಜನ್ನಿಗೆ ಫೋನ್ ಮಾಡಿ ಇನ್ನೇನೂ ಹೇಳಲಿಲ್ಲ, “ಸರ್, ಡ್ರೇನ್ ನಿಂತಿದೆ, ವೀನಸ್ 49” ಅಂದೆ. ಎರಡೂಕಾಲಿಗೆ ಮತ್ತೆ ಥಿಯೇಟರಿನಲ್ಲಿದ್ದರು ಮಾಸ್ತರು. ಡ್ರೇನ್ ಪೈಪು ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು, ರಕ್ತವೆಲ್ಲ ಹೃದಯದ ಸುತ್ತ ಕೂತು ಅದನ್ನು ಒತ್ತಿ ಹಿಡಿದಿತ್ತು. ಅದನ್ನು ತೆಗೆದರು. ಬೆಳಗ್ಗೆ ಆರಕ್ಕೆ ನಾನು ಮನೆಗೆ ಹೊರಡುವಾಗ ಪಾದ ಬೆಚ್ಚಗಿತ್ತು. ವೀನಸ್ 68. ಆ ಇಡೀ ರಾತ್ರಿ ಕಿವಿಯ ಅಂಕಿ 99ರಿಂದ ಕೆಳಗೆ ಇಳಿದೇ ಇರಲಿಲ್ಲ.

ನಿಮ್ಮ ತಮ್ಮನ ‘ಮೊದಲೇ ಗೊತ್ತಾಗುತ್ತೆ’ ಅನ್ನುವುದಕ್ಕೆ ಬರುತ್ತೇನೆ. ಸ್ವೀಡನ್ನಿನ ಲಿನ್‌ಶೋಪಿಂಗ್ ಊರಿನ ವೈದ್ಯರು ಬೈಪಾಸ್ ಆದ ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿ 2011ರಲ್ಲಿ ಬರೆದರು. ಐಸಿಯುಗೆ ಬಂದಾಗ ಈ ವಾಪಸ್ ಅಂಕಿ 60 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ತಿಂಗಳೊಳಗೆ ತೀರಿಕೊಂಡವರು ನೂರಕ್ಕೆ ಒಬ್ಬರು. 60ರ ಕೆಳಗಿದ್ದವರಲ್ಲಿ ನೂರಕ್ಕೆ ಐದಕ್ಕಿಂತ ಸ್ವಲ್ಪ ಹೆಚ್ಚು. ಐದು ಪಟ್ಟು ಅಂತ ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದಿ. ಕೆಟ್ಟ ಅಂಕಿ ಬಂದವರಲ್ಲೂ ನೂರಕ್ಕೆ ತೊಂಬತ್ತನಾಲ್ಕು ಜನ ತಿಂಗಳು ದಾಟಿದರು. ಫೋನಲ್ಲಿ ಬರುವ ಸುದ್ದಿ ಈ ಕಡೆಯದನ್ನು ಯಾವತ್ತೂ ಹೇಳುವುದಿಲ್ಲ.

ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯವರು 2015ರಲ್ಲಿ ತೋರಿಸಿದ್ದು, ವಾಪಸ್ ಅಂಕಿ ತೀರಾ ಮೇಲಿದ್ದವರಿಗೂ ಅಪಾಯ ಜಾಸ್ತಿ ಅಂತ. ಕೊನೇ ಭಾಗದಲ್ಲಿ ನೀರು ತುಂಬಿ ಹರಿಯುತ್ತಿದೆ ಅಂದರೆ ಮೇಲಿನ ಹೊಲದವರು ತೂಬು ಎತ್ತಲೇ ಇಲ್ಲ ಅಂತಲೂ ಆಗಬಹುದು, ಅಲ್ವಾ? ಅಂಗಗಳಿಗೆ ಆಕ್ಸಿಜನ್ ಎಳೆದುಕೊಳ್ಳುವ ಶಕ್ತಿಯೇ ಹೋಗಿರಬಹುದು. ಅದಕ್ಕೇ ಜೊತೆಗೆ ಲ್ಯಾಕ್ಟೇಟ್ ಅಂತ ಇನ್ನೊಂದು ಪರೀಕ್ಷೆ ನೋಡುತ್ತಾರೆ. ಆಕ್ಸಿಜನ್ ಸಾಲದೆ ಜೀವಕೋಶಗಳು ಒದ್ದಾಡಿದಾಗ ಅದು ಏರುತ್ತದೆ.

ಆಪರೇಷನ್‌ಗೆ ಮೊದಲೇ ನೋಡುವ ಅಂಕಿಯೂ ಒಂದಿದೆ. ತಮ್ಮ ಓದಿದ್ದು ಬಹುಶಃ ಅದೇ. ಹಣೆಯ ಎರಡೂ ಕಡೆ ಸ್ಟಿಕ್ಕರ್ ಅಂಟಿಸಿ ಮೆದುಳಿನ ಆಕ್ಸಿಜನ್ ಅಳೆಯುತ್ತಾರೆ. ಬೆರಳಿನದ್ದರ ಹಾಗೆಯೇ ಬೆಳಕಿನ ಲೆಕ್ಕ. ಆದರೆ ಅದು ನಾಡಿಯ ರಕ್ತವನ್ನಷ್ಟೇ ನೋಡುವುದಿಲ್ಲ, ಅಲ್ಲಿರುವ ರಕ್ತವನ್ನೆಲ್ಲ ನೋಡುತ್ತದೆ. ಅದರಲ್ಲಿ ಹೆಚ್ಚಿನದು ವಾಪಸ್ ಹೊರಟ ರಕ್ತ. ಜರ್ಮನಿಯ ಲ್ಯೂಬೆಕ್ ಊರಿನ ವೈದ್ಯರು ಹೃದಯದ ಆಪರೇಷನ್‌ಗೆ ಬಂದ ಸಾವಿರಕ್ಕೂ ಹೆಚ್ಚು ಜನರಿಗೆ ಇದನ್ನು ಅಂಟಿಸಿ ನೋಡಿದರು, 2011ರಲ್ಲಿ ಪ್ರಕಟಿಸಿದರು. ಆಕ್ಸಿಜನ್ ಕೊಟ್ಟ ಮೇಲೂ ಯಾರ ಅಂಕಿ 50 ದಾಟಲಿಲ್ಲವೋ ಅವರಲ್ಲಿ ತಿಂಗಳೊಳಗೆ, ವರ್ಷದೊಳಗೆ ತೀರಿಕೊಂಡವರು ಜಾಸ್ತಿ. ಯಾಕೆ? ಮೆದುಳಿನ ಕಾಯಿಲೆ ಅಂತಲ್ಲ. ಹೃದಯದ ಬಲ, ಹಿಮೋಗ್ಲೋಬಿನ್, ಪುಪ್ಪುಸ, ಮೂತ್ರಪಿಂಡ ಎಲ್ಲದರ ಹಣೆಬರಹ ಆ ಹಣೆಯ ಸ್ಟಿಕ್ಕರಿನಲ್ಲಿ ಒಟ್ಟಿಗೆ ಬಂದು ಕೂರುತ್ತದೆ.

ಹಣೆಬರಹ ಅಂದೆ, ಆದರೆ ಇದನ್ನು ತಿದ್ದಬಹುದು. ಫಿನ್‌ಲೆಂಡಿನ ಕುಯೋಪಿಯೊದಲ್ಲಿ 393 ಜನರ ಮೇಲೆ ಒಂದು ಪ್ರಯೋಗ ಆಯಿತು, 2000ರಲ್ಲಿ ಪ್ರಕಟವಾಯಿತು. ಆಪರೇಷನ್ ಆದ ಮೊದಲ ಎಂಟು ಗಂಟೆ, ಅರ್ಧದಷ್ಟು ಜನರಿಗೆ ವಾಪಸ್ ಅಂಕಿ 70ರ ಮೇಲೆ, ಲ್ಯಾಕ್ಟೇಟ್ 2ರ ಒಳಗೆ ಇರಲೇಬೇಕು ಅಂತ ಹಟ ಹಿಡಿದು ಸಲೈನ್, ಔಷಧಿ ಹೊಂದಿಸಿದರು. ಅವರು ಬೇಗ ಮನೆಗೆ ಹೋದರು. ನನ್ನ 24 ವರ್ಷದ ಅನುಭವವೂ ಇದನ್ನೇ ಹೇಳುತ್ತದೆ. ಈ ಅಂಕಿ ಬೇಕಾಗಿರುವುದು ಭವಿಷ್ಯ ಹೇಳಲಿಕ್ಕಲ್ಲ, ರಾತ್ರಿ ಒಂದೂವರೆಗೆ ಸರ್ಜನ್ನನ್ನು ಎಬ್ಬಿಸಲಿಕ್ಕೆ.

ನಿಮ್ಮ ಅಪ್ಪನ ವಿಷಯದಲ್ಲಿ ಬೆರಳಿನ ಅಂಕಿಗಿಂತ ಡಾಕ್ಟರನ್ನು ಕೇಳಬೇಕಾದದ್ದು ಬೇರೆ ಇವೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಹೃದಯ ರಕ್ತ ತಳ್ಳುವ ಬಲ ಎಷ್ಟು, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಸಕ್ಕರೆಗೆ ಇನ್ಸುಲಿನ್ ತಗೊಳ್ಳುತ್ತಿದ್ದಾರಾ, ಮೆಟ್ಟಿಲು ಹತ್ತಿದರೆ ಏನಾಗುತ್ತದೆ. ಆಪರೇಷನ್ ಅಪಾಯ ಲೆಕ್ಕ ಹಾಕಲು ವೈದ್ಯರು ಬಳಸುವ ‘ಯುರೋಸ್ಕೋರ್ 2’ ಎಂಬ ಪಟ್ಟಿಯಲ್ಲಿ ವಯಸ್ಸು, ಮೂತ್ರಪಿಂಡ, ಇಎಫ್, ಹಿಂದಿನ ಆಪರೇಷನ್ ಎಲ್ಲ ಇವೆ. ಬೆರಳಿನ ಅಂಕಿ ಅದರಲ್ಲಿ ಇಲ್ಲವೇ ಇಲ್ಲ. ಮಷಿನ್ ಕಪಾಟಿನಲ್ಲಿಡಿ. ವಾರಕ್ಕೊಮ್ಮೆ ನೋಡಿದರೆ ಸಾಕು.

ನನ್ನ ಹೆಂಡತಿಗೆ ವಾಲ್ವ್ ಆಪರೇಷನ್ ಅಂತ ಡೇಟ್ ಕೊಟ್ಟಿದ್ದರು. ಹತ್ತಿ ಬಿಡಿಸೋದು ಬಿಟ್ಟು, ಸಾಲ ಮಾಡಿ ಹೋದರೆ, ರಕ್ತ 8 ಇದೆ, ಆರು ವಾರ ಬಿಟ್ಟು ಬನ್ನಿ ಅಂತ ವಾಪಸ್ ಕಳಿಸಿದರು. ಆಕ್ಸಿಜನ್ 99 ಇದೆ ಅಂತ ಅವರೇ ಬರೆದಿದ್ದಾರೆ. ಎರಡು ಬಾಟಲಿ ರಕ್ತ ಏರಿಸಿ ಮಾಡಬಹುದಿತ್ತಲ್ಲ?
— ರೈತರೊಬ್ಬರು, ಸಿಂಧನೂರು ತಾಲೂಕು

ನಿಮ್ಮ ಸಿಟ್ಟು ಅರ್ಥವಾಗುತ್ತದೆ ಅಣ್ಣಾ. ಡೇಟ್ ತಪ್ಪಿದರೆ ಏನೇನು ತಪ್ಪುತ್ತದೆ ಅಂತ ಆಸ್ಪತ್ರೆಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಒಂದು ಫೋನ್ ಮಾಡಿ ರಕ್ತದ ರಿಪೋರ್ಟನ್ನು ಊರಿಂದಲೇ ತರಿಸಿಕೊಂಡಿದ್ದರೆ ನಿಮ್ಮ ಬಸ್ ಚಾರ್ಜಾದರೂ ಉಳಿಯುತ್ತಿತ್ತು. ಆದರೆ ಮುಂದಕ್ಕೆ ಹಾಕಿದ್ದು ಸರಿ.

99 ಅಂದರೆ ಇರುವ ಲಾರಿಗಳೆಲ್ಲ ಭರ್ತಿ ತುಂಬಿವೆ ಅಂತ. ಲಾರಿ ಎಷ್ಟಿವೆ ಅನ್ನುವುದು ಹಿಮೋಗ್ಲೋಬಿನ್. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿ ಆಕ್ಸಿಜನ್ ಹೊರುತ್ತದೆ. 14 ಗ್ರಾಂ ಇರುವವರ 100 ಮಿಲಿ ರಕ್ತದಲ್ಲಿ ಹದಿನೆಂಟೂವರೆ ಮಿಲಿ ಆಕ್ಸಿಜನ್. ನಿಮ್ಮ ಮನೆಯವರ ರಕ್ತದಲ್ಲಿ ಹತ್ತೂವರೆ. ಮಷಿನ್ ಇಬ್ಬರಿಗೂ 99 ಅಂತಲೇ ಹೇಳುತ್ತದೆ. ಭತ್ತದ ಸುಗ್ಗಿಯಲ್ಲಿ ಹದಿನಾಲ್ಕು ಲಾರಿ ಬೇಕಾದಲ್ಲಿ ಎಂಟೇ ಬಂದು, ಎಂಟೂ ಭರ್ತಿ ಇವೆ ಅಂತ ಮಾಲೀಕ ಹೇಳಿದರೆ ನೀವು ಕೇಳುತ್ತೀರಾ?

ಇನ್ನೂ ಒಂದಿದೆ. ವಾಲ್ವ್ ಬದಲಿಸುವಾಗ ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನು ಹಾರ್ಟ್–ಲಂಗ್ ಮಷಿನ್‌ಗೆ ಕೊಡುತ್ತಾರೆ. ಅಮೆರಿಕದ ಜಾನ್ ಗಿಬ್ಬನ್ 1953ರ ಮೇ 6ರಂದು ಇದನ್ನು ಬಳಸಿ ಮೊದಲ ಸಲ ಗೆದ್ದರು. ಆ ಮಷಿನ್ನಿನ ಪೈಪುಗಳಲ್ಲಿ ಮೊದಲೇ ಒಂದು, ಒಂದೂವರೆ ಲೀಟರ್ ಸಲೈನ್ ತರಹದ ದ್ರವ ತುಂಬಿರುತ್ತಾರೆ. ಅದು ನಿಮ್ಮ ಮನೆಯವರ ರಕ್ತದ ಜೊತೆ ಬೆರೆಯುತ್ತದೆ. ಮಜ್ಜಿಗೆಗೆ ನೀರು ಹಾಕಿದ ಹಾಗೆ. 8 ಇದ್ದದ್ದು ಇನ್ನೂ ಕೆಳಗೆ ಇಳಿಯುತ್ತದೆ. ನಮ್ಮ ಹೆಣ್ಣುಮಕ್ಕಳು 42, 45 ಕಿಲೋ ಇರುತ್ತಾರೆ, ಮೈಯಲ್ಲಿ ರಕ್ತವೇ ಕಡಿಮೆ. ಹಾಗಾಗಿ ಅವರಿಗೆ ಈ ಹೊಡೆತ ಜಾಸ್ತಿ.

ರಕ್ತ ಏರಿಸಬಹುದು, ಬೇಕಾದಾಗ ಏರಿಸುತ್ತಾರೆ. ಆದರೆ ಹೊರಗಿನ ರಕ್ತ ಸುಮ್ನೆ ಜಾಸ್ತಿ ಏರಿಸಿದರೆ ಲಾಭ ಇಲ್ಲ ಅಂತ 2017ರಲ್ಲಿ ಟ್ರಿಕ್ಸ್-3 ಎಂಬ ದೊಡ್ಡ ಅಧ್ಯಯನ ತೋರಿಸಿತು. ಹೃದಯದ ಆಪರೇಷನ್ನಿನಲ್ಲಿ 7.5ರ ಕೆಳಗೆ ಇಳಿದಾಗ ಮಾತ್ರ ಏರಿಸಿದವರೂ, ಅದಕ್ಕೆ ಮೊದಲೇ ಏರಿಸಿದವರೂ ಒಂದೇ ರೀತಿ ಇದ್ದರು. ಆರು ವಾರ ಸಮಯ ಇದ್ದರೆ ಅವರದೇ ರಕ್ತ ಬೆಳೆಸುವುದು ಲೇಸು. ಕಬ್ಬಿಣದ ಇಂಜೆಕ್ಷನ್ ಕೊಡಬಹುದಾ ಅಂತ ಕೇಳಿ. ಮಾತ್ರೆ ಕೊಟ್ಟಿದ್ದರೆ ಚಹಾ ಜೊತೆ ಬೇಡವೇ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆ ಹಣ್ಣಿನ ಪಾನಕದ ಜೊತೆ ನುಂಗಲಿ. ರಕ್ತ ಯಾಕೆ ಕಡಿಮೆ ಅಂತಲೂ ನೋಡಿಸಿ. ಮುಟ್ಟಿನ ಸ್ರಾವ ಜಾಸ್ತಿ ಇದೆಯಾ, ಹೊಟ್ಟೆಯಲ್ಲಿ ಹುಳ ಇದೆಯಾ. ಗಂಡಸರು ಈ ಪ್ರಶ್ನೆ ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ. ನೀವು ಕೇಳಿ. ಮುಂದಿನ ಸಲ ಹೊರಡುವ ಮೊದಲು ಇಲ್ಲೇ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ಕಳಿಸಿ, ಹ್ಞೂಂ ಅಂದ ಮೇಲೆ ಬಸ್ ಹತ್ತಿ.

ಅಪ್ಪಾಜಿ ನಲವತ್ತು ವರ್ಷದಿಂದ ಬೀಡಿ ಸೇದುತ್ತಾರೆ. ಬೈಪಾಸ್ ಹೇಳಿದ್ದಾರೆ. ಬೀಡಿ ಬಿಡಿ ಅಂದರೆ ಬೆರಳಿಗೆ ಮಷಿನ್ ಹಾಕಿ “ನೋಡು, 98. ನಿನಗಿಂತ ಜಾಸ್ತಿ” ಅಂತಾರೆ. ಏನು ಹೇಳಲಿ?
— ಮಗ, ಕೌಲ್ ಬಜಾರ್, ಬಳ್ಳಾರಿ

ನಕ್ಕುಬಿಟ್ಟೆ. ಅಪ್ಪಾಜಿಗೆ ಮಷಿನ್ ಮೋಸ ಮಾಡುತ್ತಿದೆ. ಬೀಡಿ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮನೆಯಲ್ಲಿರುವ ಮಷಿನ್ನಿಗೆ ಇದೂ ಆಕ್ಸಿಜನ್ನಂತೆಯೇ ಕಾಣುತ್ತದೆ. ಜಾಸ್ತಿ ಸೇದುವವರಲ್ಲಿ ನೂರಕ್ಕೆ ಹತ್ತು ಸೀಟು ಈ ಹೊಗೆಯೇ ಹಿಡಿದು ಕೂತಿರಬಹುದು. ಅಂದರೆ ಆ 98ರಲ್ಲಿ ನಿಜವಾದ ಆಕ್ಸಿಜನ್ 88 ಮಾತ್ರ ಇರಬಹುದು. ಆಸ್ಪತ್ರೆಯಲ್ಲಿ ಕೈಯ ನಾಡಿಯಿಂದ ರಕ್ತ ತೆಗೆದು ಮಾಡುವ ಎಬಿಜಿಯಲ್ಲಿ, ಇದನ್ನು ಬೇರೆ ಮಾಡಿ ಅಳೆಯುವ ಮಷಿನ್ (ಕೋ-ಆಕ್ಸಿಮೀಟರ್) ಇದ್ದರೆ, ಈ ಕಳ್ಳ ಸಿಕ್ಕಿಬೀಳುತ್ತಾನೆ.

ಒಳ್ಳೆಯ ಸುದ್ದಿ ಏನೆಂದರೆ ಸೇದುವುದು ನಿಲ್ಲಿಸಿದರೆ ನಾಲ್ಕೈದು ಗಂಟೆಗೆ ಅದು ಅರ್ಧ ಇಳಿಯುತ್ತದೆ. ಒಂದೆರಡು ದಿನದಲ್ಲಿ ಖಾಲಿ. ಆದರೆ ಪುಪ್ಪುಸದ ಕಫ ಅಷ್ಟು ಬೇಗ ಹೋಗುವುದಿಲ್ಲ, ಅದಕ್ಕೆ ಕನಿಷ್ಠ ನಾಲ್ಕು ವಾರ ಬೇಕು. ಎದೆಯ ಎಲುಬು ಸೀಳಿ ಹೊಲಿದ ಮೇಲೆ ಆ ಕಫ ಕೆಮ್ಮಿ ತೆಗೆಯುವ ನೋವು ಎಂಥದ್ದು ಅಂತ ಅಪ್ಪಾಜಿಗೆ ಗೊತ್ತಿಲ್ಲ. ಅದನ್ನು ಗೊತ್ತಿರುವವರು ನಿಮ್ಮ ಓಣಿಯಲ್ಲೇ ಒಬ್ಬರಾದರೂ ಇರುತ್ತಾರೆ. ಕರೆದುಕೊಂಡು ಬಂದು ಚಹಾ ಕುಡಿಸಿ, ಅಪ್ಪಾಜಿ ಪಕ್ಕ ಕೂರಿಸಿ. ನೀವು ಎದ್ದು ಹೋಗಿ. ಮಗನ ಮಾತು ಕೇಳದವರು ಓರಗೆಯವರ ಮಾತು ಕೇಳುತ್ತಾರೆ.

ನನ್ನ ಮಗಳಿಗೆ ನಾಲ್ಕು ವರ್ಷ. ಹುಟ್ಟಿದಾಗಿನಿಂದ ಹೃದಯದಲ್ಲಿ ತೂತು ಇದೆ, ಅತ್ತರೆ ತುಟಿ ನೀಲಿಯಾಗುತ್ತದೆ. ಅಂಗನವಾಡಿ ಟೀಚರ್ ಹೇಳಿ ಕಳಿಸಿದರು. ಆಕ್ಸಿಜನ್ 78 ಇದೆ ಅಂದರು. ದೊಡ್ಡವರಿಗೇ 90 ಇಲ್ಲದಿದ್ದರೆ ಉಳಿಯಲ್ಲ ಅಂತ ಎಲ್ಲರೂ ಹೇಳ್ತಾರೆ. 78ಕ್ಕೆ ಆಪರೇಷನ್ ಮಾಡಿಸಬೇಕಾ, ಬೇಡವಾ?
— ಒಬ್ಬ ತಾಯಿ, ಕುಷ್ಟಗಿ

ಮಾಡಿಸಿ ತಾಯಿ. 78 ಇದೆ ಅಂತಲೇ ಮಾಡಿಸಬೇಕು.

ನಿಮ್ಮ ಮಗಳದ್ದು ಬೇರೆ ಲೆಕ್ಕ. ನೀಲಿ ಮಕ್ಕಳಲ್ಲಿ ಒಳ್ಳೆಯ ರಕ್ತದ ಜೊತೆ ವಾಪಸ್ ಬಂದ ರಕ್ತವೂ ತೂತಿನಿಂದ ನುಗ್ಗಿ ಬೆರೆಯುತ್ತದೆ, ಅದಕ್ಕೇ ಅಂಕಿ ಕಡಿಮೆ. ಮಗು ಹುಟ್ಟಿದಾಗಿನಿಂದ ಅದಕ್ಕೆ ಹೊಂದಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ 78ಕ್ಕೆ ಬಿದ್ದ ದೊಡ್ಡವರಿಗೂ, 78ರಲ್ಲೇ ಆಡಿ ಬೆಳೆದ ಮಗುವಿಗೂ ಹೋಲಿಸಬಾರದು. ಇಂಥ ಮಕ್ಕಳಿಗೆ ಮೊದಲ ಆಪರೇಷನ್ ಆಗಿದ್ದು 1944ರ ನವೆಂಬರಿನಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ಈಗ ಬಹಳಷ್ಟು ಮಕ್ಕಳಿಗೆ ಪೂರ್ತಿ ರಿಪೇರಿಯೇ ಮಾಡುತ್ತಾರೆ. ಅಂಕಿ 95ರ ಮೇಲೆ ಹೋಗಿ, ತುಟಿ ಕೆಂಪಗಾದ ಮಗುವನ್ನು ತಾಯಿ ಮೊದಲ ಸಲ ನೋಡುವ ಗಳಿಗೆ ಇದೆಯಲ್ಲ, ಅದನ್ನು ನಾನು ಎಷ್ಟು ಸಲ ನೋಡಿದರೂ ಬೇಜಾರಾಗಲಿಲ್ಲ. ಒಬ್ಬಾಕೆ “ಇದು ನನ್ನ ಮಗು ಅಲ್ಲ, ಬದಲಾಗಿದೆ” ಅಂತ ಜಗಳಕ್ಕೇ ನಿಂತಿದ್ದಳು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಇದೆ. ಅಂಗನವಾಡಿ ಟೀಚರ್ ಕೊಟ್ಟ ಚೀಟಿ ಜೋಪಾನ, ಅದನ್ನು ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿಯ ತನಕ ಎರಡು ಕೆಲಸ. ಇಂಥ ಮಕ್ಕಳ ರಕ್ತ ಗಟ್ಟಿ ಇರುತ್ತದೆ, ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಇನ್ನೂ ಗಟ್ಟಿಯಾಗುತ್ತದೆ. ನೀರು, ಮಜ್ಜಿಗೆ ಕುಡಿಸುತ್ತಿರಿ. ವಾಂತಿ ಭೇದಿ ಆದರೆ ಒಂದು ದಿನವೂ ಕಾಯಬೇಡಿ. ಅತ್ತು ಅತ್ತು ನೀಲಿಗಟ್ಟಿದರೆ ಎದೆಗೆ ಅಪ್ಪಿಕೊಂಡು ಅವಳ ಎರಡೂ ಮೊಣಕಾಲು ಮಡಚಿ ಅವಳ ಎದೆಗೇ ಒತ್ತಿ ಹಿಡಿಯಿರಿ. ಸುಧಾರಿಸದಿದ್ದರೆ 108.

ಯಜಮಾನರಿಗೆ ಬೈಪಾಸ್ ಆಗಿ ಹನ್ನೆರಡು ದಿನ. 94, 95 ತೋರಿಸುತ್ತೆ. ಆಪರೇಷನ್‌ಗೆ ಮೊದಲು 98 ಇತ್ತು. ಮಗ ಹೆದರಿ ಸಿಲಿಂಡರ್ ಬಾಡಿಗೆಗೆ ತಂದು ಮಂಚದ ಪಕ್ಕ ಇಟ್ಟಿದ್ದಾನೆ. ರಾತ್ರಿ ಹಚ್ಚಿ ಮಲಗಿಸಿದರೆ 99 ಬರುತ್ತೆ. ಹೀಗೆ ಎಷ್ಟು ದಿನ ಕೊಡಬೇಕು?
— ಗೃಹಿಣಿ, ಶಕ್ತಿನಗರ

ಒಂದು ದಿನವೂ ಬೇಡ. ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಕೊಡಬೇಕು, ಬರೆದಿಲ್ಲ ಅಂತ ಕಾಣುತ್ತದೆ. ಎದೆ ನೋವಿಗೆ ಹೆದರಿ ಅವರು ಉಸಿರನ್ನು ಮೇಲೆ ಮೇಲೆ ಎಳೆಯುತ್ತಿದ್ದಾರೆ, ಪುಪ್ಪುಸದ ಕೆಳಭಾಗ ಮುದುಡಿಕೊಂಡಿದೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಇದು ಮಾಮೂಲು. ಸಿಲಿಂಡರ್ ಅಂಕಿಯನ್ನು ಏರಿಸುತ್ತದೆ, ಮುದುಡಿದ್ದನ್ನು ಬಿಡಿಸುವುದಿಲ್ಲ. ಅಂಕಿ ಚೆನ್ನಾಗಿರುವವರಿಗೆ ಮೇಲೆ ಇನ್ನಷ್ಟು ಆಕ್ಸಿಜನ್ ಕೊಟ್ಟು ಏನೂ ಪ್ರಯೋಜನವಿಲ್ಲ ಅಂತ ಸ್ವೀಡನ್ನಿನಲ್ಲಿ ಹೃದಯಾಘಾತ ಶಂಕೆಯಿದ್ದ ಆರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನೋಡಿ 2017ರಲ್ಲಿ ಹೇಳಿದ್ದಾರೆ.

ಡಿಸ್ಚಾರ್ಜ್ ಆಗುವಾಗ ಮೂರು ಬಣ್ಣದ ಚೆಂಡಿರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿರುತ್ತಾರೆ. ಎಲ್ಲಿದೆ? ನೂರಕ್ಕೆ ತೊಂಬತ್ತು ಮನೆಯಲ್ಲಿ ಮೊಮ್ಮಕ್ಕಳ ಕೈಗೆ ಹೋಗಿರುತ್ತದೆ. ಬಿಸಿ ನೀರಲ್ಲಿ ಮೌತ್‌ಪೀಸ್ ತೊಳೆದು ವಾಪಸ್ ಕೊಡಿ. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ, ಊದುವುದಲ್ಲ, ಮೆಲ್ಲಗೆ ಒಳಗೆ ಎಳೆಯಬೇಕು. ಎರಡು ಚೆಂಡು ಮೇಲೆ ನಿಂತರೂ ಸಾಕು. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿ ಹಿಡಿಯಲಿ, ಹೊಲಿಗೆ ಬಿಚ್ಚುವುದಿಲ್ಲ. ಬೆಳಗ್ಗೆ ಬಿಸಿಲು ಏರುವ ಮೊದಲು, ಸಂಜೆ ಇಳಿದ ಮೇಲೆ ಕಾಲನಿಯಲ್ಲಿ ನಡೆಯಲಿ.

ಅಂಕಿ ಸರಿಯಾಗಿ ನೋಡಿದರೂ 92ರ ಕೆಳಗೇ ನಿಂತರೆ ಆಪರೇಷನ್ ಮಾಡಿದಲ್ಲಿಗೆ ಫೋನ್ ಮಾಡಿ. 90ರ ಕೆಳಗೆ ಇಳಿದರೆ, ಮಲಗಿದರೆ ಉಸಿರುಕಟ್ಟಿ ಎದ್ದು ಕೂತರೆ, ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿ ಕಾಲು ಬಾತರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ ಫೋನ್ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಸಿಲಿಂಡರನ್ನು ಇವತ್ತೇ ವಾಪಸ್ ಕಳಿಸಿ. ಪತ್ರದ ಕೊನೆಯಲ್ಲಿ ನೀವು, ಮಂಚದ ಪಕ್ಕದ ಗೂಡಿನಲ್ಲಿ ರಾಯರ ಫೋಟೊ ಇದೆ, ದಿನಾ ದೀಪ ಹಚ್ಚಿ ಬೇಡಿಕೊಳ್ಳುತ್ತೇನೆ ಅಂತ ಬರೆದಿದ್ದೀರಿ. ಅದನ್ನು ಓದಿದಾಗಿನಿಂದ ನನಗೆ 94ರ ಚಿಂತೆ ಇಲ್ಲ, ಆ ದೀಪದ್ದೇ ಚಿಂತೆ. ಆಕ್ಸಿಜನ್ ಇರುವಲ್ಲಿ ಬೆಂಕಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮಗ ಸಂಜೆ ಮನೆಗೆ ಬಂದು ಸಿಲಿಂಡರ್ ಸಾಗಿಸುವ ತನಕ ದೀಪ ಹಚ್ಚಬೇಡಿ.